ನಮ್ಮೂರಿನ ಸೈರನ್ ಬದಲಿಸಿದ್ದು: ಹೊಳೆ ದಂಡೆಯ ಪುಟ್ಟ ಊರಿನ ಒಂದು ಪ್ರಕರಣ ಅಧ್ಯಯನ

2024ರ ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಲಕ್ಷ ಕ್ಯೂಸೆಕ್‌ಗಿಂತ ಜಾಸ್ತಿ ನೀರು ಬಿಟ್ಟಾಗ ನಮ್ಮೂರಿನ ಸೈರನ್ ಕೂಗಲಿಲ್ಲ. ರಾತ್ರಿ ಎರಡು ಗಂಟೆಗೆ ಪುರಸಭೆಯ ವಾಚ್‌ಮನ್ ಹೋಗಿ ಸ್ವಿಚ್ ಒತ್ತಿದ್ದಾರೆ. ಮೋಟಾರು ಒಂದು ಸಲ ಗುಂಯ್ ಅಂದಿದೆ, ಸುಟ್ಟ ವಾಸನೆ ಬಂದಿದೆ, ಅಷ್ಟೇ. ಆಮೇಲೆ ನಾಲ್ಕು ಹುಡುಗರು ಬೈಕಿನಲ್ಲಿ ಹೋಗಿ ಹೊಳೆಬೀದಿಯ ಬಾಗಿಲುಗಳನ್ನೆಲ್ಲ ಬಡಿದು ಜನರನ್ನು ಎಬ್ಬಿಸಿದರು. ಯಾರ ಜೀವವೂ ಹೋಗಲಿಲ್ಲ. ಕಟ್ಟಿ ಹಾಕಿದ್ದ ಎರಡು ಎಮ್ಮೆ ಹೋದವು. ಒಬ್ಬರು ಅಜ್ಜಿ ಮೊಣಕಾಲುದ್ದ ನೀರಿನಲ್ಲಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮಾರನೇ ದಿನ ಶಾಲೆಯಲ್ಲಿ ಸಿಕ್ಕಾಗ ಅವರು ಹೇಳಿದ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ: "ಕೂಗಿದ್ರೆ ಎದ್ದು ಹೋಗ್ತಿದ್ದೆ ಕಣಪ್ಪ. ಕೂಗ್ಲೇ ಇಲ್ವಲ್ಲ."

ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷ ಮೋಟಾರ್ ವೈಂಡಿಂಗ್ ಅಂಗಡಿ ನಡೆಸಿದವನು. ಊರು ಮಾತ್ರ ಇದೇ, ಮಂಡ್ಯ ಜಿಲ್ಲೆಯ ಕಾವೇರಿ ದಂಡೆ. ಹೊಸ ಸೈರನ್ ಆರಿಸಲು ಪುರಸಭೆಯವರು ಒಂದು ಸಣ್ಣ ಸಮಿತಿ ಮಾಡಿದಾಗ ನನ್ನನ್ನೂ ಕರೆದರು. ಊರಿನ ಹೆಸರು ಇಲ್ಲಿ ಬೇಡ. ಹೊಳೆ ಪಕ್ಕದ ಯಾವ ಊರಿಗಾದರೂ ಇದೇ ಕಷ್ಟ ಬರಬಹುದು, ಆಗ ನಾವು ಏನು ನೋಡಿದೆವು, ಎಲ್ಲಿ ಎಡವಿದೆವು ಅನ್ನುವುದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ನಮ್ಮ ಹೊಳೆಯ ವಿಷಯ. ನಮಗೆ ಪ್ರವಾಹ ಬರುವುದು ನಮ್ಮ ಮಳೆಯಿಂದಲ್ಲ. ಮಳೆ ಸುರಿಯುವುದು ಕೊಡಗಿನಲ್ಲಿ, ಹಾಸನದ ಮಲೆನಾಡಿನಲ್ಲಿ. ಆ ನೀರು ಬಂದು ಕಟ್ಟೆ ತುಂಬುತ್ತದೆ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ, ಹಿಡಿಯುವುದು ಸುಮಾರು 49.45 ಟಿಎಂಸಿ. ಅದು ತುಂಬಿದ ಮೇಲೆ ಒಳಗೆ ಬಂದಷ್ಟನ್ನೂ ಹೊರಗೆ ಬಿಡಲೇಬೇಕು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಲಕ್ಷ ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಆ ಹೊತ್ತಿಗೆ ನಮ್ಮೂರಿನಲ್ಲಿ ಒಳ್ಳೆ ಬಿಸಿಲು ಇರಬಹುದು, ರಾತ್ರಿ ಆಕಾಶ ತುಂಬ ನಕ್ಷತ್ರ ಇರಬಹುದು. ಹಾಗಿರುವಾಗ ಜನ ನಂಬುವುದೇ ಕಷ್ಟ, ಅಲ್ವಾ? 2019ರ ಆಗಸ್ಟ್‌ನಲ್ಲೂ ಹೀಗೇ ಆಗಿತ್ತು. 2025ರಲ್ಲಂತೂ ಕಟ್ಟೆ ಜೂನ್ ತಿಂಗಳಲ್ಲೇ ತುಂಬಿತು, ಹಿಂದೆ ಯಾವತ್ತೂ ಹಾಗೆ ಆಗಿರಲಿಲ್ಲ. "ಆಷಾಢ ಕಳೀಲಿ, ಆಮೇಲೆ ನೋಡೋಣ" ಅನ್ನುವ ಹಳೆಯ ಲೆಕ್ಕ ಇನ್ನು ನಡೆಯುವುದಿಲ್ಲ.

ಹಳೆಯ ಸೈರನ್ ಪುರಸಭೆ ಕಟ್ಟಡದ ತಾರಸಿ ಮೇಲಿತ್ತು. 5 ಎಚ್‌ಪಿ ತ್ರೀ ಫೇಸ್ ಮೋಟಾರು, ಎರಡು ತುದಿಗೂ ಅಲ್ಯೂಮಿನಿಯಂ ರೋಟರು. ಇದು ಕೂಗುವ ರೀತಿ ಬಹಳ ಸರಳ. ಕಿಂಡಿ ಇರುವ ರೋಟರು ಒಳಗೆ ತಿರುಗುತ್ತದೆ, ಅಷ್ಟೇ ಕಿಂಡಿ ಇರುವ ಹೊರಕವಚ ಸುಮ್ನೆ ನಿಂತಿರುತ್ತದೆ. ಕಿಂಡಿಗೆ ಕಿಂಡಿ ಎದುರಾದಾಗ ಗಾಳಿ ಹೊರಗೆ ನುಗ್ಗುತ್ತದೆ, ತಪ್ಪಿದಾಗ ನಿಲ್ಲುತ್ತದೆ. ನಮ್ಮದರಲ್ಲಿ 10 ಕಿಂಡಿ. ನಿಮಿಷಕ್ಕೆ 2,880 ಸುತ್ತು, ಅಂದರೆ ಸೆಕೆಂಡಿಗೆ 48. ಹತ್ತರಿಂದ ಗುಣಿಸಿದರೆ ಸೆಕೆಂಡಿಗೆ 480 ಸಲ ಗಾಳಿಯ ಬಡಿತ, ಅಂದರೆ 480 ಹರ್ಟ್ಸ್. ಊರಿನವರ ಕಿವಿಯಲ್ಲಿ ಇಷ್ಟು ವರ್ಷ ಉಳಿದಿರುವ ಆ ಕೂಗು ಇದೇ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ದಿನಕ್ಕೆ ಮೂರು ಸಲ ಕೂಗುತ್ತಿತ್ತು. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರು ಮಧ್ಯಾಹ್ನದ ಕೂಗು ಕೇಳಿಯೇ ಬುತ್ತಿ ಬಿಚ್ಚುತ್ತಿದ್ದರು.

ಆ ಮಳೆಗಾಲಕ್ಕೆ ಮೊದಲೇ ಅದರ ಟೈಮರ್ ಕೆಟ್ಟಿತ್ತು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಟೈಮ್ ಹೇಳೋಕೆ ಇದ್ಯಾಕೆ ಅಂತ ಯಾರೂ ರಿಪೇರಿ ಮಾಡಿಸಲಿಲ್ಲ. ತುರ್ತಿಗೆ ಮಾತ್ರ ಇರಲಿ ಅಂತ ಬಿಟ್ಟರು. ನಾನು ಅದನ್ನು ಕೆಳಗೆ ಇಳಿಸಿ ಬಿಚ್ಚಿದಾಗ ಕಂಡದ್ದು ಇದು: ಹೊರಕವಚದೊಳಗೆ ಪಾರಿವಾಳದ ಗೂಡು, ಬೇರಿಂಗಿನಲ್ಲಿ ಗ್ರೀಸು ಕಲ್ಲಿನಂತೆ ಗಟ್ಟಿ, ಶಾಫ್ಟಿಗೆ ತುಕ್ಕು. ಆ ರಾತ್ರಿ ಕರೆಂಟಿನ ಮೂರು ಫೇಸಿನಲ್ಲಿ ಒಂದು ಹೋಗಿತ್ತು. ಒಂದು ಫೇಸ್ ಹೋದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿರಲೇ ಇಲ್ಲ, ಅದನ್ನು ನಮ್ಮ ರೈತರು ಪ್ರತಿ ಬೋರ್‌ವೆಲ್ ಬೋರ್ಡಿಗೂ ಹಾಕಿಸುತ್ತಾರೆ. ಎರಡು ಫೇಸ್‌ನಲ್ಲಿ, ಹಿಡಿದುಕೊಂಡ ಬೇರಿಂಗನ್ನು ತಿರುಗಿಸಲು ಹೋಗಿ ವೈಂಡಿಂಗ್ ಸುಟ್ಟಿದೆ. ದಿನಾ ಕೂಗುತ್ತಿದ್ದಷ್ಟು ದಿನ ಅದು ಸರಿ ಇತ್ತು. ಒಂದು ದಿನ ಕೂಗದಿದ್ದರೆ ಹತ್ತು ಜನ ಬಂದು ಕೇಳುತ್ತಿದ್ದರು. ಕೂಗುವುದು ನಿಂತ ಮೇಲೆ ಅದು ಒಳಗೊಳಗೇ ಸಾಯುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ. ಈ ಇಡೀ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿಷಯ ಇದು, ಮುಂದೆ ಇನ್ನೊಂದು ಸಲ ಬರುತ್ತೇನೆ.

ಹೊಸದಕ್ಕೆ ಕೊಟೇಶನ್ ಕೇಳಿದೆವು. ಬಂದ ಕಾಗದಗಳಲ್ಲೆಲ್ಲ ದೊಡ್ಡ ಅಕ್ಷರದಲ್ಲಿ ಇದ್ದದ್ದು ಕಿಲೋಮೀಟರ್. 3 ಕಿಲೋಮೀಟರ್ ಕೇಳುತ್ತೆ, 5 ಕಿಲೋಮೀಟರ್ ಕೇಳುತ್ತೆ. ಎಂಥ ಜಾಗದಲ್ಲಿ, ಯಾವ ಗಾಳಿಯಲ್ಲಿ, ಯಾರ ಕಿವಿಗೆ ಅಂತ ಒಂದರಲ್ಲೂ ಇಲ್ಲ. ಡೆಸಿಬಲ್, ಅಂದರೆ ಸದ್ದು ಎಷ್ಟು ಜೋರು ಅನ್ನುವ ಅಳತೆ, ನೋಡೋಣ ಅಂದರೆ ಅಲ್ಲೂ ಒಂದು ಗುಂಡಿ ಇದೆ. ಒಬ್ಬರು 138 ಡೆಸಿಬಲ್ ಅಂತ ಬರೆದಿದ್ದರು, ಇನ್ನೊಬ್ಬರು 115 ಅಂತ. ಸಮಿತಿಯಲ್ಲಿ ಎಲ್ಲರೂ ಮೊದಲನೆಯದರ ಕಡೆ ವಾಲಿದರು. ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು, 138 ಅನ್ನುವುದು ಸೈರನ್‌ನಿಂದ 1 ಮೀಟರ್ ದೂರದಲ್ಲಿ, 115 ಅನ್ನುವುದು 30 ಮೀಟರ್ ದೂರದಲ್ಲಿ ಅಳೆದದ್ದು. 1 ಮೀಟರ್‌ನಿಂದ 30 ಮೀಟರ್‌ಗೆ ಹೋಗುವಷ್ಟರಲ್ಲಿ ಸುಮಾರು 30 ಡೆಸಿಬಲ್ ಕಳೆದುಹೋಗುತ್ತದೆ. ಅಂದರೆ ಆ 138ರ ಸೈರನ್ 30 ಮೀಟರ್‌ನಲ್ಲಿ ಕೊಡುವುದು 108 ಮಾತ್ರ. ಜೋರಾಗಿ ಕೂಗುವುದು ಎರಡನೆಯದು.

ಅಲ್ಲಿಂದ ಮುಂದೆ ದೂರ ಹೋದಂತೆ ಎಷ್ಟು ಕಡಿಮೆಯಾಗುತ್ತದೆ? ಬಯಲಿನಲ್ಲಿ ಅಡ್ಡ ಏನೂ ಇಲ್ಲದಿದ್ದರೆ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್. ಮನೆ, ಮರ, ಗಾಳಿ ಇರುವ ಊರಿಗೆ 10 ಡೆಸಿಬಲ್ ಅಂತ ಹಿಡಿಯಬೇಕು. ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆ ಫೆಮಾ 1980ರಲ್ಲಿ ಇಂಥ ಸೈರನ್‌ಗಳ ಬಗ್ಗೆ ಹೊರತಂದ ಕೈಪಿಡಿಯಲ್ಲಿ ಈ ಲೆಕ್ಕ ಇದೆ. ಸುತ್ತಲಿನ ಸದ್ದಿಗಿಂತ ಸೈರನ್ 10 ಡೆಸಿಬಲ್ ಜಾಸ್ತಿ ಇರಬೇಕು, ಯಾರ ಕಿವಿಗೂ 123 ಡೆಸಿಬಲ್ ದಾಟಬಾರದು ಅನ್ನುವುದೂ ಅದರಲ್ಲಿದೆ. ಆ ಲೆಕ್ಕ ಹಾಕಿದೆವು. 30 ಮೀಟರ್‌ನಲ್ಲಿ 115 ಇದ್ದದ್ದು 60ರಲ್ಲಿ 105, 120ರಲ್ಲಿ 95, 240ರಲ್ಲಿ 85, 480ರಲ್ಲಿ 75, 960 ಮೀಟರ್‌ನಲ್ಲಿ 65. ಹೊಳೆಬೀದಿ ಪುರಸಭೆಯಿಂದ ಕಿಲೋಮೀಟರ್‌ಗಿಂತ ಆಚೆ ಇದೆ. ತುಂಬಿದ ಹೊಳೆಯ ಸದ್ದೇ ಅಲ್ಲಿ 60ರ ಹತ್ತಿರ ಇರುತ್ತದೆ. ಬಾಗಿಲು, ಕಿಟಕಿ ಹಾಕಿಕೊಂಡು ಮಲಗಿದವರಿಗೆ ಇನ್ನೂ 20 ಡೆಸಿಬಲ್ ಕಡಿಮೆ ಅಂದುಕೊಳ್ಳಿ. ಯಾರಿಗೆ ಎಲ್ಲರಿಗಿಂತ ಮೊದಲು ಕೇಳಬೇಕೋ ಅವರಿಗೇ ಕೇಳುವುದಿಲ್ಲ. ಇಷ್ಟು ವರ್ಷ ಸೈರನ್ ಇದ್ದದ್ದು ಪೇಟೆಗೆ, ಹೊಳೆಬೀದಿಗಲ್ಲ. ಇದು ಕಾಗದದ ಮೇಲೆ ಕಂಡ ದಿನ ಸಮಿತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆದ್ದರಿಂದ ಯಾವ ಸೈರನ್ ಅನ್ನುವುದಕ್ಕಿಂತ ಮೊದಲು ಎಲ್ಲಿ ಅನ್ನುವುದು ತೀರ್ಮಾನವಾಯಿತು. ಹೊಳೆಬೀದಿಯ ಹಿಂದೆ ದಿಬ್ಬದ ಮೇಲೆ ಓವರ್‌ಹೆಡ್ ಟ್ಯಾಂಕ್ ಇದೆ, ಅದೇ ಸರಿ ಅಂದೆವು. ಇನ್ನೊಂದು ಟ್ಯಾಂಕ್ ಇನ್ನೂ ಎತ್ತರ ಇತ್ತು, ಆದರೆ ಅದರ ಪಕ್ಕದಲ್ಲೇ ಆಸ್ಪತ್ರೆ. ದಿಬ್ಬದ ಟ್ಯಾಂಕ್ ಊರಿನ ಪಡುವಣಕ್ಕಿದೆ, ಅದೂ ಒಳ್ಳೆಯದೇ ಆಯಿತು. ನಮ್ಮಲ್ಲಿ ಮಳೆಗಾಲ ಪೂರ್ತಿ ಗಾಳಿ ಬೀಸುವುದು ಪಡುವಣದಿಂದ. ಆಷಾಢದ ಗಾಳಿ ಎಂಥದ್ದು ಅಂತ ಬಟ್ಟೆ ಒಣಗಿಸಿದವರಿಗೆಲ್ಲ ಗೊತ್ತು. ಗಾಳಿಯ ಜೊತೆ ಹೋಗುವ ಸದ್ದು ನೆಲದ ಕಡೆ ಬಾಗುತ್ತದೆ, ಗಾಳಿಗೆ ಎದುರು ಹೋಗುವ ಸದ್ದು ಮೇಲಕ್ಕೆ ಎದ್ದು ತಲೆಯ ಮೇಲಿಂದ ಹಾದುಹೋಗುತ್ತದೆ. ಪುರಸಭೆಯ ಸೈರನ್ ಹೊಳೆಬೀದಿ ಕಡೆ ಕೂಗುವಾಗ ಗಾಳಿಗೆ ಎದುರಾಗಿಯೇ ಕೂಗಬೇಕಿತ್ತು.

ಆಮೇಲೆ ಪರೀಕ್ಷೆ. ಇಬ್ಬರು ಮಾರಾಟಗಾರರು ಸಾಮಾನು ತಂದು ಕೂಗಿಸಿ ತೋರಿಸಲು ಒಪ್ಪಿದರು. ಒಬ್ಬರದು ಮೋಟಾರ್ ಸೈರನ್. ಇನ್ನೊಬ್ಬರದು ಎಲೆಕ್ಟ್ರಾನಿಕ್, ಅಂದರೆ ಆಂಪ್ಲಿಫೈಯರ್, ಹಾರ್ನ್, ಬ್ಯಾಟರಿ, ಮಾತನ್ನೂ ಆಡಬಲ್ಲದು. ನಾವು ಹನ್ನೆರಡು ಜನರನ್ನು ಹನ್ನೆರಡು ಕಡೆ ನಿಲ್ಲಿಸಿದೆವು: ಹೊಳೆಬೀದಿಯ ಮನೆಯೊಳಗೆ ಫ್ಯಾನ್ ಹಾಕಿ ಕಿಟಕಿ ಮುಚ್ಚಿ ಒಬ್ಬರು, ಬಟ್ಟೆ ಒಗೆಯುವ ಸೋಪಾನಕಟ್ಟೆಯಲ್ಲಿ ಒಬ್ಬರು, ಗದ್ದೆ ಮನೆಯಲ್ಲಿ, ರೈಸ್‌ಮಿಲ್ ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಹೀಗೆ. ಬೆಳಗಿನ ಜಾವ ಐದು ಗಂಟೆಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಕೈಯಲ್ಲಿ ನೋಟ್‌ಬುಕ್. ಕೇಳಿತಾ, ಎಷ್ಟು ಕೇಳಿತು, ಮಾತು ಅರ್ಥವಾಯಿತಾ, ಇಷ್ಟೇ ಬರೆಯಬೇಕು. ಹಿಂದಿನ ದಿನ ಸಂಜೆಯೇ ಆಟೋದಲ್ಲಿ ಮೈಕ್ ಕಟ್ಟಿ ನಾಳೆ ಪರೀಕ್ಷೆ ಇದೆ, ಗಾಬರಿ ಆಗಬೇಡಿ ಅಂತ ಸಾರಿಸಿದ್ದೆವು.

ನೋಟ್‌ಬುಕ್‌ಗಳು ನಮ್ಮ ಅಂದಾಜನ್ನು ಎರಡು ಕಡೆ ತಲೆಕೆಳಗು ಮಾಡಿದವು. ಎಲೆಕ್ಟ್ರಾನಿಕ್ ಸೈರನ್ ಮಾತಾಡುತ್ತದೆ ಅನ್ನುವುದೇ ಅದರ ದೊಡ್ಡ ಗುಣ ಅಂತ ತಿಳಿದಿದ್ದೆವು. ಆದರೆ ಮುನ್ನೂರು ಮೀಟರ್ ಆಚೆಗೆ ಸದ್ದು ಕೇಳಿತೇ ಹೊರತು ಮಾತು ಯಾರಿಗೂ ಅರ್ಥವಾಗಲಿಲ್ಲ. ರೈಸ್‌ಮಿಲ್ ಗೋಡೆಗೆ ಬಡಿದು ಪ್ರತಿಧ್ವನಿ, ಒಂದು ಪದದ ಮೇಲೆ ಇನ್ನೊಂದು ಪದ. ಅದೂ ಅಲ್ಲದೆ ಮಾರಾಟಗಾರರು ತಂದ ಮಾತು "ಸಾರ್ವಜನಿಕರ ಗಮನಕ್ಕೆ, ನದಿ ಪಾತ್ರದ ನಿವಾಸಿಗಳು ಸುರಕ್ಷಿತ ಸ್ಥಳಗಳಿಗೆ ತೆರಳಬೇಕಾಗಿ" ಅಂತ ಒಂದೇ ಉಸಿರಿನಲ್ಲಿ ಹೋಗುತ್ತಿತ್ತು. ಎರಡನೆಯದು ವಯಸ್ಸಾದವರ ಕಿವಿ. ಎಲೆಕ್ಟ್ರಾನಿಕ್ ಸೈರನ್ನಿನ ಚೀರುವ ಸದ್ದು ಹುಡುಗರಿಗೆ ಚೆನ್ನಾಗಿ ಕೇಳಿತು. ಅರವತ್ತು ದಾಟಿದ ಮೂವರು ಮಾತ್ರ ಮೋಟಾರ್ ಸೈರನ್ನೇ ಚೆನ್ನಾಗಿ ಕೇಳಿತು ಅಂತ ಬರೆಸಿದರು. ಕಾರಣ ಇದೆ. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸದ್ದು ಕೇಳುವ ಶಕ್ತಿ. ದಪ್ಪ ಸದ್ದು ಗೋಡೆ, ಮೂಲೆ ಬಳಸಿಕೊಂಡೂ ಹೋಗುತ್ತದೆ, ದೂರದಲ್ಲಿ ಕರಗುವುದೂ ಕಡಿಮೆ. ಆ ಅಜ್ಜಿಯನ್ನು ಎಬ್ಬಿಸಬೇಕಾದರೆ 480 ಹರ್ಟ್ಸ್ ಆಸುಪಾಸಿನ ಸದ್ದೇ ಬೇಕು. ಆನ್‌ಲೈನಿನಲ್ಲಿ ಕೈಗೆಟುಕುವ ಬೆಲೆಗೆ ಸಿಗುವ ಪುಟ್ಟ ಹೂಟರ್‌ಗಳನ್ನು ನಾವು ಬಿಟ್ಟದ್ದು ಇದೇ ಕಾರಣಕ್ಕೆ. ಸಣ್ಣ ಹಾರ್ನಿನಿಂದ ದಪ್ಪ ಸದ್ದು ಹೊರಡುವುದಿಲ್ಲ.

ಹಾಗಾದರೆ ಮೋಟಾರ್ ಸೈರನ್ನೇ ತಗೋಬಹುದಿತ್ತಲ್ಲ ಅಂತ ಕೇಳಬಹುದು. ನನ್ನ ಮನಸ್ಸೂ ಮೊದಲು ಅಲ್ಲೇ ಇತ್ತು, ಮೋಟಾರೇ ನನ್ನ ಬದುಕು. ಆದರೆ ಕರೆಂಟು? 5 ಎಚ್‌ಪಿ ಅಂದರೆ 3.7 ಕಿಲೋವ್ಯಾಟ್, ಶುರುವಾಗುವಾಗ ಅದರ ಆರೇಳು ಪಟ್ಟು ಕರೆಂಟು ಎಳೆಯುತ್ತದೆ. ಮನೆಯ ಯುಪಿಎಸ್ ಥರದ್ದು ತಡೆಯುವುದಿಲ್ಲ, ಜನರೇಟರ್ ಬೇಕು. ಪುರಸಭೆಯ ಜನರೇಟರ್ ಇರುವುದು ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ) ಪಕ್ಕದ ಪಂಪ್‌ಹೌಸಿನಲ್ಲಿ, ಅಂದರೆ ಹೊಳೆ ಏರಿದರೆ ಮೊದಲು ಮುಳುಗುವ ಜಾಗದಲ್ಲಿ. ಅದೇ 1,600 ವ್ಯಾಟಿನ ಎಲೆಕ್ಟ್ರಾನಿಕ್ ಸೈರನ್ ಒಂದು ಸುತ್ತು ಕೂಗಲು, ಮಾತೂ ಸೇರಿ, 100 ವ್ಯಾಟ್-ಅವರ್ ಸಾಕು. 24 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದು 2,400. ಅರ್ಧ ಮಾತ್ರ ಬಳಸಿದರೂ ಹತ್ತು ಸಲ ಕೂಗಬಹುದು. ಊರೆಲ್ಲ ಕತ್ತಲಾಗಿದ್ದರೂ ಕೂಗುತ್ತದೆ.

ಕೊನೆಗೆ ಎರಡನ್ನೂ ಇಟ್ಟುಕೊಂಡೆವು. ದಿಬ್ಬದ ಟ್ಯಾಂಕಿನ ಮೇಲೆ ಹೊಸ ಎಲೆಕ್ಟ್ರಾನಿಕ್ ಸೈರನ್, ನಾಲ್ಕು ದೊಡ್ಡ ಹಾರ್ನ್. ಮೂರು ಹೊಳೆಯ ಕಡೆ, ಒಂದು ಊರಿನ ಕಡೆ. ಸದ್ದು 450ರಿಂದ 500 ಹರ್ಟ್ಸ್ ಒಳಗೆ ಇರಬೇಕು ಅಂತ ಹಟ ಹಿಡಿದೆವು. ಹಳೆಯ ಮೋಟಾರ್ ಸೈರನ್ನನ್ನು ನಾನೇ ರೀವೈಂಡ್ ಮಾಡಿ, ಬೇರಿಂಗ್ ಬದಲಿಸಿ, ಪ್ರಿವೆಂಟರ್ ಹಾಕಿ, ಪಾರಿವಾಳ ನುಗ್ಗದಂತೆ ಜಾಲರಿ ಕಟ್ಟಿ ಪುರಸಭೆ ತಾರಸಿಗೇ ವಾಪಸ್ ಕೂರಿಸಿದೆ. ಪೇಟೆಗೆ ಅದು ಸಾಕು.

ಟೆಂಡರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಸರ್ಕಾರಿ ಖರೀದಿ 1999ರ ಪಾರದರ್ಶಕ ಕಾಯ್ದೆಯ ಪ್ರಕಾರ ನಡೆಯಬೇಕು, ಷರತ್ತು ಪೂರೈಸಿದವರಲ್ಲಿ ಕಡಿಮೆ ಬೆಲೆಯವರಿಗೆ ಹೋಗುತ್ತದೆ. ಆದ್ದರಿಂದ ಜಗಳ ಆಡುವುದಿದ್ದರೆ ಷರತ್ತು ಬರೆಯುವಾಗಲೇ ಆಡಬೇಕು. "5 ಕಿಲೋಮೀಟರ್ ಕೇಳುವ ಸೈರನ್" ಅಂತ ಬರೆದಿದ್ದರೆ ಪುಟ್ಟ ಹೂಟರೇ ಬಂದು ಕೂರುತ್ತಿತ್ತು. ನಾವು ಬರೆಸಿದ್ದು: 30 ಮೀಟರ್‌ನಲ್ಲಿ ಇಷ್ಟು ಡೆಸಿಬಲ್, ಅದನ್ನು ನಮ್ಮೂರಿನಲ್ಲೇ ಅಳೆದು ತೋರಿಸಬೇಕು, ಸದ್ದಿನ ಹರ್ಟ್ಸ್ ಇಷ್ಟು, ಕರೆಂಟ್ ಇಲ್ಲದೆ ಹತ್ತು ಸಲ ಕೂಗಬೇಕು, ಸಿಡಿಲು ತಡೆ ಮತ್ತು ಅರ್ತಿಂಗ್ ಬೇಕು, ಐದು ವರ್ಷ ನಿರ್ವಹಣೆ ಅವರದ್ದೇ. ಟ್ಯಾಂಕ್ ಹತ್ತುವ ವಾಟರ್‌ಮನ್ ಮೇಲಿರುವಾಗ ಯಾರೂ ಕೂಗಿಸದಂತೆ ಏಣಿಯ ಬುಡದಲ್ಲೇ ಒಂದು ಬೀಗದ ಸ್ವಿಚ್ ಬೇಕು ಅಂತಲೂ ಸೇರಿಸಿದೆವು. ಹಾರ್ನಿನ ಎದುರು ನಿಂತವರ ಕಿವಿ ಒಂದೇ ಕೂಗಿಗೆ ಹಾಳಾಗಬಹುದು.

ಇನ್ನು ಹೇಗೆ ಕೂಗಬೇಕು ಅನ್ನುವ ಪ್ರಶ್ನೆ. ಇದು ಸಣ್ಣದು ಅಂದುಕೊಂಡಿದ್ದೆವು, ಮೂರು ಸಭೆ ಹಿಡಿಯಿತು. ಏರಿಳಿಯುವ ಕೂಗು ಅಂತ ಎಲ್ಲರೂ ಅಂದರು. ಆದರೆ 2025ರ ಮೇ 7ರಂದು ದೇಶದ ಹಲವು ಕಡೆ ನಾಗರಿಕ ರಕ್ಷಣಾ ಅಣಕು ಕವಾಯತು ನಡೆದಾಗ ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ, ಏರಿಳಿಯುವ ಕೂಗು ಅಂದರೆ ವಿಮಾನ ದಾಳಿ, ಒಳಗೆ ಹೋಗಿ ಅವಿತುಕೊಳ್ಳಿ ಅಂತ. ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು ಅಂತ. ಹೊಳೆ ಬರುವಾಗ ಜನ ಮನೆಯೊಳಗೆ ಸೇರಿ ಬಾಗಿಲು ಹಾಕಿಕೊಂಡರೆ ಗತಿ ಏನು? 2023ರ ಆಗಸ್ಟ್‌ನಲ್ಲಿ ಹವಾಯಿಯ ಲಹೈನಾ ಊರು ಬೆಂಕಿಗೆ ಸಿಕ್ಕಾಗ ಅಲ್ಲಿನ ಸೈರನ್‌ಗಳನ್ನು ಕೂಗಿಸಲೇ ಇಲ್ಲ. ಅಲ್ಲಿ ಸೈರನ್ ಅಂದರೆ ಸುನಾಮಿ. ಕೂಗಿದರೆ ಜನ ಗುಡ್ಡದ ಕಡೆ, ಅಂದರೆ ಬೆಂಕಿಯ ಕಡೆಗೇ ಓಡುತ್ತಾರೆ ಅಂತ ಹೆದರಿದೆವು ಅಂದರು ಅಧಿಕಾರಿ. ಕೂಗು ಇದೆ, ಆದರೆ ಯಾವ ಅಪಾಯಕ್ಕೆ ಯಾವ ಕೂಗು ಅಂತ ಜನಕ್ಕೆ ಗೊತ್ತಿಲ್ಲ ಅಂದರೆ ಹೀಗಾಗುತ್ತದೆ.

ನಾವು ಒಪ್ಪಿದ್ದು ಹೀಗೆ: ಅರ್ಧ ನಿಮಿಷ ಕೂಗು, ಅರ್ಧ ನಿಮಿಷ ಬಿಡುವು, ಐದು ಸಲ. ಬಿಡುವಿನಲ್ಲಿ ಟ್ಯಾಂಕಿನ ಸೈರನ್ ಮಾತಾಡುತ್ತದೆ. ಮಾತನ್ನು ನಮ್ಮ ಶಾಲೆಯ ಟೀಚರ್ ಒಬ್ಬರು ಹೇಳಿ ರೆಕಾರ್ಡ್ ಮಾಡಿಸಿದರು. "ಹೊಳೆ ಬರ್ತಾ ಇದೆ. ಮೇಲಕ್ಕೆ ಹೋಗಿ. ಶಾಲೆಗೆ ಹೋಗಿ." ಪ್ರತಿ ವಾಕ್ಯದ ನಡುವೆ ಮೂರು ಸೆಕೆಂಡು, ಪ್ರತಿಧ್ವನಿ ಅಡಗಲಿ ಅಂತ. ಊರಿನಲ್ಲಿ ಈಗ ಚಿಕ್ಕ ಮಕ್ಕಳೂ "ಬಿಟ್ಟು ಬಿಟ್ಟು ಕೂಗಿದ್ರೆ ಹೊಳೆ" ಅನ್ನುತ್ತಾರೆ. ಅಪಾಯ ಕಳೆದ ಮೇಲೆ ಎರಡು ನಿಮಿಷ ಒಂದೇ ಸಮನೆ.

ಮತ್ತೆ ಆ ಮಧ್ಯಾಹ್ನದ ಕೂಗು. ಸಮಿತಿಯ ಕಿರಿಯ ಎಂಜಿನಿಯರ್ ಒಬ್ಬರು, ತುಂಬ ಚುರುಕಿನ ಹುಡುಗ, ದಿನಾ ಕೂಗಿಸುವುದು ಬೇಡ ಅಂತ ವಾದಿಸಿದರು. "ಸಾರ್, ದಿನಾ ಕೇಳಿದ್ರೆ ಜನ ತಲೆ ಕೆಡಿಸಿಕೊಳ್ಳಲ್ಲ." ಸುಮ್ನೆ ತಳ್ಳಿಹಾಕುವ ಮಾತಲ್ಲ ಅದು. ನಾನು ಬಿಚ್ಚಿದ ಮೋಟಾರನ್ನು ತಂದು ಮೇಜಿನ ಮೇಲಿಟ್ಟೆ, ಗೂಡಿನ ಕಡ್ಡಿ ಸಮೇತ. ಟೆಕ್ಸಸ್‌ನ ಕಂಫರ್ಟ್ ಅನ್ನುವ ಪುಟ್ಟ ಊರಿನ ಕಥೆಯನ್ನೂ ಹೇಳಿದೆ. 2025ರ ಜುಲೈ 4ರಂದು ಗ್ವಾಡಲೂಪೆ ಹೊಳೆ ಉಕ್ಕಿ ಮೇಲಿನ ಕೆರ್ ಕೌಂಟಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಅಲ್ಲಿ ಪ್ರವಾಹದ ಸೈರನ್ ಇರಲಿಲ್ಲ. ಅದೇ ಹೊಳೆಯ ಕೆಳಗಿನ ಕಂಫರ್ಟ್‌ನಲ್ಲಿ ಸೈರನ್ ಕೂಗಿತು, ಜನ ಎದ್ದು ಹೋದರು. ಆ ಊರಿನವರು ಹೊಸ ಸೈರನ್ ತಂದಾಗ ಹಳೆಯದನ್ನು ಎಸೆಯದೆ ಸರಿ ಮಾಡಿಸಿ ಬೇರೆ ಕಡೆ ಹಾಕಿದ್ದರು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಒಂದು ಸಣ್ಣ ಕೂಗು. ಬೇರೆ ಹೊತ್ತಿನಲ್ಲಿ ಉದ್ದಕ್ಕೆ ಕೂಗಿದರೆ ಏನೋ ಆಗಿದೆ ಅಂತ ಎಲ್ಲರಿಗೂ ಗೊತ್ತು. ಎಂಜಿನಿಯರ್ ಹುಡುಗ ಒಪ್ಪಿಕೊಂಡರು. ಈಗ ನಮ್ಮೂರಿನಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಹತ್ತು ಸೆಕೆಂಡು, ಎರಡು ಸೈರನ್ನೂ. ಹನ್ನೆರಡು ಗಂಟೆಯ ಆ ಹತ್ತು ಸೆಕೆಂಡು ಬಿಟ್ಟು ಬೇರೆ ಯಾವ ಕೂಗೂ ಸುಮ್ನೆ ಅಲ್ಲ.

ಒತ್ತುವವರು ಯಾರು? ಮುಖ್ಯಾಧಿಕಾರಿ, ವಾಚ್‌ಮನ್, ಹೊಳೆಬೀದಿಯ ಒಬ್ಬ ಅಣ್ಣ, ಈ ಮೂವರ ಹತ್ತಿರ ಬೀಗದ ಕೈ. ಗದ್ದೆ ಮೋಟಾರಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ಥರದ್ದೇ ಒಂದು ಸಾಧನವೂ ಇದೆ, ಈ ಮೂವರ ನಂಬರಿಗೆ ಮಾತ್ರ ಓಗೊಡುತ್ತದೆ. ತಾಲ್ಲೂಕು ಕಚೇರಿಯಿಂದ ಫೋನ್ ಬಂದರೆ ಮೂವರಲ್ಲಿ ಯಾರು ಬೇಕಾದರೂ ಒತ್ತಬಹುದು, ಇನ್ನೊಬ್ಬರ ಅಪ್ಪಣೆ ಕಾಯಬೇಕಿಲ್ಲ, ತಪ್ಪಾಗಿ ಒತ್ತಿದರೂ ಯಾರೂ ಬೈಯುವಂತಿಲ್ಲ. ಇದನ್ನು ಬಾಯಿಮಾತಿಗೆ ಬಿಡದೆ ನಡಾವಳಿಯಲ್ಲೇ ಬರೆಸಿದೆವು. ಬೈಕ್ ಹುಡುಗರ ಪಟ್ಟಿಯನ್ನೂ ಹಾಗೇ ಉಳಿಸಿಕೊಂಡಿದ್ದೇವೆ. ಹೊರಗಿನ ಸೈರನ್ ಇರುವುದು ಹೊರಗಿರುವವರಿಗೆ. ಬಾಗಿಲು ಹಾಕಿ ಮಲಗಿದ ಎಲ್ಲರನ್ನೂ ಅದು ಎಬ್ಬಿಸುತ್ತದೆ ಅಂತ ನಂಬಿ ಕೂರಬಾರದು.

ಎರಡು ಕೆಲಸ ಇನ್ನೂ ಮುಗಿದಿಲ್ಲ. ಹೊಳೆಯ ತಿರುವಿನಾಚೆ, ಎರಡೂವರೆ ಕಿಲೋಮೀಟರ್ ದೂರದಲ್ಲಿ ಒಂದು ಹಟ್ಟಿ ಇದೆ, ಅಲ್ಲಿಗೆ ಎರಡು ಸೈರನ್ನೂ ಕೇಳುವುದಿಲ್ಲ. ಅವರಿಗೆ ಕೈಯಿಂದ ತಿರುಗಿಸುವ ಸೈರನ್ ಒಂದನ್ನು ಕೊಟ್ಟು ಹಾಲಿನ ಡೈರಿಯಲ್ಲಿ ಇಟ್ಟಿದ್ದೇವೆ. ಪ್ರತಿ ತಿಂಗಳ ಒಂದನೇ ತಾರೀಕು ಬೆಳಗಿನ ಹಾಲು ಅಳೆದಾದ ಮೇಲೆ ಡೈರಿಯ ಸೆಕ್ರೆಟರಿ ಅಕ್ಕ ಅದನ್ನು ತಿರುಗಿಸಿ ನೋಡುತ್ತಾರೆ. ಅಲ್ಲಿ ಇನ್ನೂ ಒಂದು ಸರಿಯಾದ ಸೈರನ್ ಬೇಕು. ಇನ್ನೊಂದು, ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬರುವವರು. ಹೊಳೆ ಪಕ್ಕದ ಬಯಲಿನಲ್ಲೇ ಟೆಂಟ್ ಹಾಕುತ್ತಾರೆ, ಪ್ರತಿ ವರ್ಷ ಹೊಸ ಜನ, ನಮ್ಮ ಕೂಗಿನ ಅರ್ಥ ಅವರಿಗೆ ಗೊತ್ತಿರುವುದಿಲ್ಲ. ಈ ಸಲ ಟೆಂಟ್ ಬಿದ್ದ ದಿನವೇ ಹೋಗಿ ಮೇಸ್ತ್ರಿಯನ್ನು ಮಾತಾಡಿಸಿದೆವು. ಹನ್ನೆರಡು ಗಂಟೆಯ ಕೂಗು ಕೇಳುವವರೆಗೂ ಅಲ್ಲೇ ಕೂತಿದ್ದು, ಇದು ದಿನದ್ದು, ಇದಲ್ಲದೆ ಬಿಟ್ಟು ಬಿಟ್ಟು ಕೂಗಿದರೆ ಮಕ್ಕಳನ್ನು ಎತ್ತಿಕೊಂಡು ಆ ದಿಬ್ಬಕ್ಕೆ ಬನ್ನಿ ಅಂತ ದಾರಿ ತೋರಿಸಿ ಬಂದೆವು.